ಮೊಸರು ಹೊತ್ತ ಗಿಳಿ ಕಾರು

ಕುದುರೆ ಹೋಗಿ ಮೋಟಾರು ಬಂದಿತ್ತು, ಮೋಟಾರು ಬಂದರೂ ರಾಜರು ಇನ್ನೂ ಹೋಗಿರಲಿಲ್ಲ. ಅಂಥ ಕಾಲದಲ್ಲಿ ಹೊನ್ನಗುಡ್ಡ ಅನ್ನುವ ರಾಜ್ಯದಲ್ಲಿ ಮುದ್ದುವೀರ ಅನ್ನುವ ರಾಜನಿದ್ದ. ಅವನಿಗೊಬ್ಬಳು ರಾಣಿ. ಇಬ್ಬರಿಗೂ ಸೇರಿ ಒಬ್ಬಳೇ ಮಗಳು, ಚಂಪಕಮಾಲೆ. ಅವಳನ್ನು ಹನ್ನೆರಡು ಹರದಾರಿ ಆಚೆಯ ಕಲ್ಲೂರಿಗೆ ಮದುವೆ ಮಾಡಿ ಕೊಟ್ಟಿದ್ದರು.

ಒಂದು ದಿನ ಮಗಳಿಂದ ಓಲೆ ಬಂತು.

"ಅಪ್ಪಾಜಿ, ನನಗೀಗ ಮೂರು ತಿಂಗಳು. ಏಳಕ್ಕೆ ತವರಿಗೆ ಬರಬೇಕು. ಆದರೆ ಹೊಟ್ಟೆ ಕುಲುಕಬಾರದು ಅಂತ ಸೂಲಗಿತ್ತಿ ಹೇಳಿದ್ದಾಳೆ. ನಮ್ಮೂರ ದಾರಿ ನಿಮಗೆ ಗೊತ್ತೇ ಇದೆ, ಕೂತವರ ಹಲ್ಲು ಎಣಿಸಿ ಇಳಿಸುತ್ತದೆ. ಅವ್ವ ಮದುವಣಗಿತ್ತಿಯಾಗಿ ಬಂದಳಲ್ಲ, ಆ ಗಿಳಿ ಕಾರು ಕಳಿಸಿದರೆ ಬರುತ್ತೇನೆ. ಇಲ್ಲದಿದ್ದರೆ ಅತ್ತೆ ಕಾಯಿಸಿ ಕೊಡುವ ಕಷಾಯ ಕುಡಿದುಕೊಂಡು ಇಲ್ಲೇ ಬಿದ್ದಿರುತ್ತೇನೆ."

ರಾಣಿ ಓಲೆ ಓದಿ ಸೆರಗು ಬಿಗಿದಳು. "ಮಗಳು ಬರದಿದ್ರೆ ನಾನೇ ಅಲ್ಲಿಗೆ ಹೋಗ್ತೀನಿ. ನೀವು ಅನ್ನ ಬೇಯಿಸ್ಕೊಂಡು ಉಣ್ಣಿ!"

ರಾಜನಿಗೆ ಬೆವರು ಕಿತ್ತುಕೊಂಡು ಬಂತು. ಯುದ್ಧ ಮಾಡಿದ್ದ, ಆದರೆ ಅನ್ನ ಮಾಡಿರಲಿಲ್ಲ.

ಗಿಳಿ ಕಾರು ಅಂದರೆ ಸಾಮಾನ್ಯವೇ? ಮೈಯೆಲ್ಲ ಹಸಿರು, ಮೂತಿಯ ಮೇಲೊಂದು ಹಿತ್ತಾಳೆ ಗಿಳಿ. ಒಳಗೆ ಕೂತರೆ ಅವ್ವನ ಮಡಿಲಲ್ಲಿ ಕೂತ ಹಾಗೆ. ಆದರೆ ಅಗ್ಗದ ಕಾರುಗಳು ಬಂದವು, ಗಿಳಿ ಕಾರು ಮಾಡುತ್ತಿದ್ದ ಯಜಮಾನ ತೀರಿಕೊಂಡ, ಅವನ ಕಾರ್ಖಾನೆಗೆ ಬೀಗ ಬಿತ್ತು. ಅದಾಗಿ ಇಪ್ಪತ್ತು ವರ್ಷ. ಇದ್ದಬದ್ದ ಕಾರುಗಳೂ ತುಕ್ಕು ಹಿಡಿದು ಕೋಳಿಗೂಡಾಗಿದ್ದವು.

ರಾಜ ಡಂಗುರ ಹೊಡೆಸಿದ. "ಗಿಳಿ ಕಾರನ್ನು ಮತ್ತೆ ಓಡಿಸಿ ನನ್ನ ಮಗಳನ್ನು ಕುಲುಕದಂತೆ ಕರೆತಂದರೆ ಆ ಕಾರ್ಖಾನೆಯೂ ನಿಮ್ಮದೇ, ಆ ಹೆಸರೂ ನಿಮ್ಮದೇ!"

ಮೊದಲು ಓಡಿ ಬಂದವನು ಭುಜಂಗಪ್ಪ. ಹಳೇ ಪಾತ್ರೆಗೆ ಹೊಸ ಹೊಳಪು ಕೊಟ್ಟು ಮಾರುವ ಸಾಹುಕಾರ. "ನನಗೆ ಬಿಡಿ ದೊರೆ. ಜನ ಕೂರೋದು ಸೀಟಿನ ಮೇಲಲ್ಲ, ಹೆಸರಿನ ಮೇಲೆ!" ಅಂದ.

ಎಂಟು ದಿನಕ್ಕೆ ಒಂದು ಕಾರು ತಂದು ನಿಲ್ಲಿಸಿದ. ಯಾವುದೋ ಡಕೋಟಾ ಕಾರಿಗೆ ಹಸಿರು ಬಣ್ಣ ಬಳಿದು, ಮೂತಿಗೆ ಹದ್ದಿನಷ್ಟು ದೊಡ್ಡ ಗಿಳಿ ಕೂರಿಸಿದ್ದ. ರಾಜ "ಆಹಾ!" ಅಂದ. ಮಂತ್ರಿಯೂ "ಆಹಾ!" ಅಂದ.

ಅರಮನೆಯ ಜಗಲಿಯಲ್ಲಿ ದ್ಯಾಮವ್ವ ಅನ್ನುವ ಮುದುಕಿ ಚಂಪಕಮಾಲೆಯ ಬಾಣಂತನಕ್ಕೆ ಹಾಸಿಗೆ ಹೊಲಿಯುತ್ತಿದ್ದಳು. ಗಿಳಿ ಕಾರಿನ ಸೀಟು ಹೊಲಿದ ಕೈ ಅವಳದು. ತಲೆ ಎತ್ತದೆ ಕೇಳಿದಳು, "ಎಲ್ಲಾ ಸರಿ ಬುದ್ಧಿ, ಕೂತು ನೋಡಿದ್ರಾ?"

"ಬಣ್ಣ ಇನ್ನೂ ಹಸಿ ಇದೆ!" ಅಂದ ಭುಜಂಗಪ್ಪ.

ಇನ್ನೆಂಟು ದಿನ ಕಳೆಯಿತು. ಈ ಸಲ ಒಳಗೆ ಮಖಮಲ್ಲು, ಅತ್ತರು, ಒತ್ತಿದರೆ ಗಿಳಿಯ ಹಾಗೆ ಕಿರುಚುವ ಹಾರನ್ನು. ರಾಜ "ಆಹಾ! ಆಹಾ!" ಅಂದ. ಮಂತ್ರಿಯೂ ಅಷ್ಟೇ ಸಲ ಅಂದ.

"ಎಲ್ಲಾ ಸರಿ ಬುದ್ಧಿ, ಕೂತು ನೋಡಿದ್ರಾ?"

"ಮಖಮಲ್ಲು ಕೊಳೆಯಾಗಲ್ವೇನಮ್ಮಾ!"

ಮತ್ತೆಂಟು ದಿನ. ಈ ಸಲ ಕಾರಿನ ಹಿಂದೆ ನೂರು ಜನ ಬಾಡಿಗೆ ಬಾಯಿಗಳು. "ಬಂತು ಬಂತು, ಗಿಳಿ ಬಂತು!" ಅಂತ ಬೀದಿಬೀದಿ ಕೂಗಿದರು. ಕಾರು ನೋಡದವರೂ ಕುಣಿದರು. ರಾಜ ಸಿಂಹಾಸನದಿಂದ ಇಳಿದು ತಾನೂ ಎರಡು ಹೆಜ್ಜೆ ಹಾಕಿದ.

"ಎಲ್ಲಾ ಸರಿ ಬುದ್ಧಿ, ಕೂತು ನೋಡಿದ್ರಾ?"

ಭುಜಂಗಪ್ಪನಿಗೆ ರೇಗಿತು. "ಊರೆಲ್ಲ ಕುಣೀತಿದೆ, ಈ ಮುದುಕಿಗೊಂದು ಕೂರೋ ಚಿಂತೆ!"

"ಕುಣಿಯೋರು ಬಸುರಿಯರಲ್ಲ ಸಾಹುಕಾರ್ರೇ. ಕೂರೋಳು ಬಸುರಿ," ಅಂದಳು ದ್ಯಾಮವ್ವ. "ಆಗೆಲ್ಲ ಕಾರು ಮಾರೋ ಮುಂಚೆ ನನ್ನ ಮಡಿಲಲ್ಲಿ ತುಂಬಿದ ಮಜ್ಜಿಗೆ ಗಡಿಗೆ ಇಟ್ಟು ಮೂರು ಹಳ್ಳ ಇಳಿಸಿ ಹತ್ತಿಸ್ತಿದ್ರು. ಒಂದು ಹನಿ ಚೆಲ್ಲಿದ್ರೂ ಕಾರು ವಾಪಸ್ ಕಾರ್ಖಾನೆಗೆ."

ರಾಣಿ ಕೂಡಲೇ, "ಹಾಗೇ ಆಗಲಿ!" ಅಂದಳು.

ಭುಜಂಗಪ್ಪ ತಲೆ ಓಡಿಸಿದ. "ದೊರೆಗಳ ಕಾರಲ್ಲಿ ನೀರು ಮಜ್ಜಿಗೆಯೇ? ಛೆ! ನಮ್ಮನೆ ಎಮ್ಮೆ ಮೊಸರು ತರಿಸ್ತೀನಿ." ತರಿಸಿದ. ಗಡಿಗೆ ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರು.

ದ್ಯಾಮವ್ವ ಬೆರಳಲ್ಲಿ ಒಂದಿಷ್ಟು ತೆಗೆದು ನೆಕ್ಕಿದಳು. ಅವಳ ಕಣ್ಣು ನಕ್ಕವು. "ಮೊಸರೇ ಆಗಲಿ. ಮುಕ್ಕಾಲು ಗಡಿಗೆ ಸಾಕು. ಬಾಯಿಗೆ ಬಾಳೆಲೆ ಕಟ್ಟಿ ದೊರೆ ಮುದ್ರೆ ಒತ್ತಲಿ. ಸಾಹುಕಾರ್ರೇ ಮಡಿಲಲ್ಲಿ ಇಟ್ಕೊಳ್ಳಲಿ."

"ಬಾಯಿ ಕಟ್ಟಿದ್ರೆ ಚೆಲ್ಲೋದು ಹೇಗವ್ವಾ?" ಅಂದ ಮಂತ್ರಿ.

"ಚೆಲ್ಲೋದು ಬೇಡ ಸ್ವಾಮಿ. ಮೊಸರು ಮೊಸರಾಗೇ ವಾಪಸ್ ಬಂದ್ರೆ ಇದು ಗಿಳಿ ಕಾರೇ ಅಂತ ಒಪ್ಕೊಳ್ತೀನಿ."

ಮುದುಕಿಗೆ ಅರಳುಮರಳು ಅಂದುಕೊಂಡು ಭುಜಂಗಪ್ಪ ಗಡಿಗೆ ತಬ್ಬಿಕೊಂಡು ಹತ್ತಿದ. ಕಾರು ಹೊರಟಿತು.

ಮೊದಲನೇ ಹಳ್ಳದಲ್ಲಿ ಅವನ ಪೇಟ ಹಾರಿತು. ಎರಡನೇ ಹಳ್ಳದಲ್ಲಿ ಅವನ ತಲೆ ಮೇಲಕ್ಕೆ ಬಡಿಯಿತು, ಹಿತ್ತಾಳೆ ಗಿಳಿ ಕಿತ್ತುಕೊಂಡು ಹೋಗಿ ಪೊದೆಯಲ್ಲಿ ಕೂತಿತು. ಮೂರನೇ ಹಳ್ಳದಲ್ಲಿ ಹಾರನ್ನು ಕಿರುಚಲು ಶುರು ಮಾಡಿದ್ದು ನಿಲ್ಲಲೇ ಇಲ್ಲ. ಹಾರನ್ನು ಯಾವುದು, ಸಾಹುಕಾರ ಯಾವುದು ಅಂತ ಹಳ್ಳದ ಎಮ್ಮೆಗಳಿಗೂ ಗೊತ್ತಾಗಲಿಲ್ಲ.

ವಾಪಸ್ ಬಂದಾಗ ಭುಜಂಗಪ್ಪ ಹೇಳಿದ್ದು ಒಂದೇ ಮಾತು, "ಚೆ... ಚೆ... ಚೆಲ್ಲಿಲ್ಲ!"

ರಾಣಿ ಮುದ್ರೆ ಒಡೆದು ಬಾಳೆಲೆ ಬಿಚ್ಚಿದಳು. ಮೊಸರೆಲ್ಲಿದೆ? ಕೆಳಗೆ ತೆಳ್ಳನೆ ಮಜ್ಜಿಗೆ, ಮೇಲೆ ತೆಂಗಿನಕಾಯಿ ಗಾತ್ರದ ಬೆಣ್ಣೆ!

"ಇದು ಕಾರೇ? ಕಡೆಗೋಲು!" ಅಂತ ರಾಣಿ ಕೂಗಿದಳು. "ಇದರೊಳಗೆ ನನ್ನ ಮಗಳನ್ನ ಕೂರಿಸ್ತಿದ್ರಾ?"

ರಾಜ ನಾಚಿದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ನಕ್ಕು ಸುಸ್ತಾದ ಮೇಲೆ ತೀರ್ಪು ಕೊಟ್ಟ. "ಭುಜಂಗಪ್ಪ, ಮೂರು ತಿಂಗಳು ದಿನಾ ಬೆಳಿಗ್ಗೆ ನೀನು ಇದೇ ಕಾರಲ್ಲಿ ಕೂತು ಊರವರ ಮೊಸರು ಕಡೆದು ಕೊಡು."

ಊರ ಹೆಂಗಸರಿಗೆ ಹಬ್ಬವೋ ಹಬ್ಬ! "ಸಾಹುಕಾರ್ರೇ, ನಮ್ಮದು ಇನ್ನೊಂದು ಹಳ್ಳ ಹಾಯಿಸಿ, ಬೆಣ್ಣೆ ಸರಿಯಾಗಿ ಬಂದಿಲ್ಲ!" ಅಂತ ಗಡಿಗೆ ಹಿಡಿದು ಸಾಲು ನಿಂತರು.

ರಾಜ ದ್ಯಾಮವ್ವನನ್ನು ಹತ್ತಿರ ಕರೆದ. "ನಿಜ ಹೇಳು ತಾಯಿ. ಸತ್ತ ಗಿಳಿ ಕಾರು ಬದುಕೋದುಂಟಾ?"

"ಹೆಸರು ಎಲ್ಲಿ ಸತ್ತಿದೆ ಬುದ್ಧಿ? ಅದಕ್ಕೇ ಕಳ್ಳರು ಎತ್ಕೊಂಡು ಓಡಾಡ್ತಾರೆ. ಸತ್ತದ್ದು ಕೆಲಸ. ನನ್ನ ಕೈ ಇನ್ನೂ ಇದೆ. ಸ್ಪ್ರಿಂಗ್ ಬಡೀತಿದ್ದ ಕಮ್ಮಾರ ಮಾನಪ್ಪ ಇದ್ದಾನೆ, ಹಲ್ಲಿಲ್ಲ, ತೋಳಿದೆ. ಕಲಿಯೋಕೆ ಹತ್ತು ಹುಡುಗಿಯರನ್ನ ಕೊಡಿ. ಮೂರು ತಿಂಗಳಿಗೆ ಒಂದು ಕಾರು."

"ಒಂದೇ?"

"ನಿಮಗೆಷ್ಟು ಜನ ಹೆಣ್ಮಕ್ಕಳು?"

ರಾಜ ಕಾರ್ಖಾನೆಯ ಬೀಗದ ಕೈ ತರಿಸಿ ಅವಳ ಕೈಗಿಟ್ಟ.

ಮಾನಪ್ಪ ಸ್ಪ್ರಿಂಗ್ ಬಡಿದ, ಕಾರು ಓಡಿಸಿ ನೋಡಿದ, ಬಿಚ್ಚಿ ಮತ್ತೆ ಬಡಿದ. ಹುಡುಗಿಯರು ಸೀಟು ಹೊಲಿದರು, ದ್ಯಾಮವ್ವ ಕೂತು ನೋಡಿ ಬೈದಳು, ಅವರು ಬಿಚ್ಚಿ ಮತ್ತೆ ಹೊಲಿದರು. ಇಪ್ಪತ್ತು ಸಲ ಮಜ್ಜಿಗೆ ಚೆಲ್ಲಿತು. ಇಪ್ಪತ್ತೊಂದನೇ ಸಲ ಒಂದು ಹನಿಯೂ ಚೆಲ್ಲಲಿಲ್ಲ. ಅಷ್ಟರಲ್ಲಿ ಏಳನೇ ತಿಂಗಳು ಬಂದೇಬಿಟ್ಟಿತು. ಬಣ್ಣ ಬಳಿಯಲು ಹೊತ್ತಿಲ್ಲ, ಗಿಳಿ ಕೂರಿಸಲು ಹೊತ್ತಿಲ್ಲ. ಬೋಳು ತಗಡಿನ ಕಾರು ಕಲ್ಲೂರಿಗೆ ಹೊರಟಿತು. ದಾರಿಯವರೆಲ್ಲ ಬಿದ್ದು ಬಿದ್ದು ನಕ್ಕರು.

ಸಂಜೆ ಕಾರು ಅರಮನೆ ಬಾಗಿಲಿಗೆ ಬಂದು ನಿಂತಿತು. ರಾಣಿ ಓಡಿದಳು, ರಾಜ ಓಡಿದ, ಮಂತ್ರಿ ಎಡವಿದ. ಬಾಗಿಲು ತೆಗೆದರೆ ಚಂಪಕಮಾಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಾಳೆ! ರಾಣಿ ಮೆಲ್ಲಗೆ ಕೆನ್ನೆ ಮುಟ್ಟಿದಳು.

ಮಗಳು ಕಣ್ಣು ಬಿಡದೆಯೇ ಗೊಣಗಿದಳು, "ಎಷ್ಟೊತ್ತು ಕಾಯಿಸ್ತೀರಿ? ಇನ್ನೂ ಹೊರಟೇ ಇಲ್ವಾ?"

ಇದರ ನೀತಿ ಇಷ್ಟು. ಹಳೇ ಹೆಸರನ್ನು ಮತ್ತೆ ಎಬ್ಬಿಸಬಹುದು. ಆದರೆ ಯಾವ ಕೆಲಸದಿಂದ ಆ ಹೆಸರು ಬಂತೋ, ಆ ಕೆಲಸವನ್ನು ಮೊದಲು ಎಬ್ಬಿಸಬೇಕು. ಬರೀ ಹೆಸರು ಅಂಟಿಸಿಕೊಂಡು ಮೆರೆಯುವವನ ಬಂಡವಾಳ ಮೂರು ಹಳ್ಳ ದಾಟುವುದರೊಳಗೆ ಬಯಲಾಗುತ್ತದೆ.

ಕಥೆ ಹೇಳಿದವಳ ಬಾಯಿ ಒಣಗಿತು, ಕೇಳಿದವರು ಎದ್ದು ನೀರು ತನ್ನಿ.