ಗೇಟಿಗೆ ಅಡ್ಡ ನಿಂತ ಟ್ರೇಲರ್

ಗದಗಿನ ಕಡೆಯ ದ್ಯಾಮವ್ವನ ಮನೆಯವರು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಇಟ್ಟಿಗೆ ಸಾಗಿಸಿ ಬದುಕುತ್ತಿದ್ದರು. ಎಷ್ಟು ಸಲ ರಿಪೇರಿಗೆ ಬಂದರೂ ದೇವರ ಮೇಲೆ ಭಾರ ಹಾಕಿ ಮತ್ತೆ ಬೆಸುಗೆ ಹಾಕಿಸುತ್ತಿದ್ದರು. ಒಂದು ದಿನ ಮನೆ ಮುಂದೆ ನಿಂತಿದ್ದ ಟ್ರೇಲರಿಗೆ ಲಾರಿಯೊಂದು ಗುದ್ದಿ ಓಡಿಹೋಯಿತು. ಅದರ ತಳದ ಚೌಕಟ್ಟು, ಚಾಸಿಯೇ ಡೊಂಕಾಯಿತು.

ವಿಮೆ ಕಚೇರಿಯ ಮ್ಯಾನೇಜರು ಹಳ್ಳಿಗೆ ಬರಲು ಒಪ್ಪಲಿಲ್ಲ. ಮುಂಜಾನೆ ದ್ಯಾಮವ್ವ, ಗಂಡ, ಅತ್ತೆ ಮೂವರೂ ಟ್ರೇಲರನ್ನು ಟ್ರ್ಯಾಕ್ಟರಿಗೆ ಕಟ್ಟಿ ಕಚೇರಿಯ ಗೇಟಿಗೇ ಎಳೆದು ತಂದರು. ಆತ ಕಿಟಕಿಯಿಂದಲೇ ನೋಡಿದ.

"ಗುದ್ದಿದಾಗ ಟ್ರ್ಯಾಕ್ಟರ್ ಬಿಚ್ಚಿತ್ತಲ್ಲ? ಬಿಚ್ಚಿಟ್ಟ ಟ್ರೇಲರ್ ವಾಹನವೇ ಅಲ್ಲ, ಬರೀ ಕಬ್ಬಿಣ. ಪರಿಹಾರ ಇಲ್ಲ."

ದ್ಯಾಮವ್ವನ ಮೈ ಉರಿಯಿತು. ವರ್ಷಾ ವರ್ಷ ಕಂತು ಕಟ್ಟಿಸಿಕೊಳ್ಳುವಾಗ ಇದು ಕಬ್ಬಿಣವಾಗಿರಲಿಲ್ಲ.

"ವೀರಭದ್ರ ನೋಡ್ಕೋತಾನ, ಬಾ" ಎಂದಳು ಅತ್ತೆ.

"ನೋಡ್ಕೊಳ್ಳಲಿ. ಅಲ್ಲೀತನಕ ಇದು ಗೇಟಿಗೆ ಅಡ್ಡ ಇರಲಿ" ಎಂದು ದ್ಯಾಮವ್ವ ಗಂಡನಿಗೆ ಟ್ರ್ಯಾಕ್ಟರ್ ಬಿಚ್ಚಿಕೊಂಡು ಅದನ್ನಷ್ಟೇ ಒಯ್ಯಲು ಹೇಳಿದಳು.

ಸಂಜೆ ಮ್ಯಾನೇಜರನ ಕಾರು ಒಳಗೇ ಸಿಕ್ಕಿಕೊಂಡಿತು. ಆತನ ಕೂಗಾಟಕ್ಕೆ ಜನ ಸೇರಿದರು, ಪೊಲೀಸನೂ ಬಂದ.

"ವಾಹನ ಅಡ್ಡ ನಿಲ್ಲಿಸಿದ್ದಾಳೆ. ದಂಡ ಹಾಕಿ" ಎಂದ ಮ್ಯಾನೇಜರು.

"ವಾಹನ ಆಗಿದ್ರ ಹಾಕ್ರಿ" ಎಂದಳು ದ್ಯಾಮವ್ವ. "ಮುಂಜಾನೆ ಇವರ ಇದು ವಾಹನ ಅಲ್ಲ, ಬರೀ ಕಬ್ಬಿಣ ಅಂದ್ರು. ಯಾವುದು ಖರೇ ಅಂತ ಇವರ ಹೇಳ್ಲಿ."

ಎಲ್ಲರೂ ಮ್ಯಾನೇಜರನ ಮುಖ ನೋಡಿದರು. ಆತ ಕತ್ತು ಒರೆಸಿಕೊಂಡು, "ವಾಹನವೇ" ಎಂದು ಗೊಣಗಿದ. ಹಾಗಾದರೆ ಪರಿಹಾರ ಕೊಡಿ ಎಂದು ಜನ ಬಿಡಲಿಲ್ಲ, ಆತ ಒಳಗೆ ಹೋಗಿ ಪರಿಹಾರಕ್ಕೆ ಸಹಿ ಹಾಕಿಬಂದ. ದ್ಯಾಮವ್ವ ತಕರಾರಿಲ್ಲದೆ ದಂಡ ಕಟ್ಟಿದಳು.

ಅತ್ತೆ ಅಲ್ಲೇ ನಿಂತು ವೀರಭದ್ರನಿಗೆ ಕೈಮುಗಿದಳು. ಸೊಸೆ ಕೈಮುಗಿಯಲಿಲ್ಲ.

"ನಾ ಮನೀಗೆ ಹೋಗಿ ಮುಗೀತೀನಿ, ಅತ್ತಿ. ಇಲ್ಲಿ ಮುಗಿದ್ರ ಈ ಮನಷ್ಯಾ ತನಗ ಅನ್ಕೋತಾನ."