ಏಳು ಸಾಲು ಇಟ್ಟಿಗೆ

ಹೊಳೆಯ ದಂಡೆಯಲ್ಲಿ ಒಂದು ಮಠ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

ಗೋಡೆ ಕಟ್ಟುವ ಗೌಂಡಿ ಕೆಲಸದ ಅಡಿವೆಪ್ಪ ಅಲ್ಲಿಗೆ ಬಂದ. ಹೆಂಡತಿ ತೀರಿ ಮೂರು ತಿಂಗಳಾಗಿತ್ತು. ಮನೆಗೆ ಬೀಗ ಹಾಕಿ ಬಂದಿದ್ದ. ಕೈಯಲ್ಲಿ ಒಂದು ಹಸಿ ಅರಿವೆ. ಅದರೊಳಗೆ ಒಂದು ಗಡ್ಡೆ.

"ಏನದು?" ಅಂದರು ಅಜ್ಜಾರು.

"ನೈದಿಲೆ ಗಡ್ಡಿ ರಿ. ಮನಿ ಹಿತ್ತಲದಾಗ ಕಲ್ಲಿನ ಬಾನಿ ಐತಿ. ಅದರಾಗ ನೀರು ತುಂಬಿ ಆಕಿ ಬೆಳೆಸಿದ್ಲು. ಆಕಿ ಹೋದಮ್ಯಾಲೆ ನಾ ನೀರು ಹಾಕಲಿಲ್ಲ. ಎಲ್ಲಾ ಒಣಗಿದ್ವು. ಇದೊಂದು ಉಳಿದೈತಿ."

"ಯಾಕ ಹಾಕಲಿಲ್ಲ?"

"ಹಿತ್ತಲಕ್ಕ ಹೋಗಾಕ ಆಗಲಿಲ್ರಿ."

"ಆಕಿ ಹೆಸರೇನು?"

ಅಡಿವೆಪ್ಪ ನೆಲ ನೋಡಿದ.

"ಹೆಸರು ಹಿಡಿದು ಎಂದೂ ಕರದಿಲ್ರಿ. 'ಏ, ಕೇಳಿತೇನ' ಅಂದ್ರ ಬರತಿದ್ಲು."

ಅಜ್ಜಾರು ಅರಿವೆ ಬಿಚ್ಚಿ ಗಡ್ಡೆ ನೋಡಿದರು.

"ಮಠದ ಹಿತ್ತಲದಾಗ ಒಂದು ಕೊಳ ಕಟ್ಟತೀನ್ರಿ," ಅಂದ ಅಡಿವೆಪ್ಪ. "ಇದು ಬದುಕಬೇಕು. ಇದೂ ಹೋದ್ರ ಆಕಿದು ಅನ್ನೂದು ಏನೂ ಉಳಿಯೂದಿಲ್ಲ."

"ಕಟ್ಟು."

ಹನ್ನೆರಡು ದಿನ ಅಗೆದ. ಸೊಂಟಮಟ್ಟ ಆಳ. ಇನ್ನು ಬತ್ತುವ ಮಾತೇ ಇಲ್ಲ. ಒಳಗೋಡೆಗೆ ಸಿಮೆಂಟಿನ ಗಿಲಾವು ಮಾಡಿದ. ಮಠದ ಅಡುಗೆಯ ನೀಲಪ್ಪ ಒಡಕು ಚಹಾ ಕಪ್ಪು, ಬಸಿಗಳನ್ನು ಬುಟ್ಟಿಯಲ್ಲಿ ತಂದು ಸುರಿದ. ಅಡಿವೆಪ್ಪ ಆ ಚೂರುಗಳನ್ನು ಹಸಿ ಸಿಮೆಂಟಿಗೆ ಒತ್ತಿ ಅಂಚಿನ ಮೇಲೆ ಒಂದು ಮೀನು ಮಾಡಿದ.

ನೀಲಪ್ಪ ತಲೆ ವಾರೆ ಮಾಡಿ ನೋಡಿದ.

"ಅಡಿವೆಪ್ಪಣ್ಣಾ, ನಿನ್ನ ಮೀನು ನೀರಿಗೆ ಬೆನ್ನು ಹಾಕೈತಲ್ಲೋ. ಊರ ದಾರಿ ನೋಡಾಕತ್ತೈತಿ."

"ತಲಿ ಆಗೂವಂಥ ಚೂರು ಹಂಗ ಇತ್ತು. ನಾ ಏನು ಮಾಡ್ಲಿ? ನೀ ಬಸಿ ಒಡಿಯೂವಾಗ ನೋಡಿ ಒಡಿಬೇಕಿತ್ತು."

ಗಡ್ಡೆಯನ್ನು ಮಣ್ಣಿನ ಕುಂಡದಲ್ಲಿ ನೆಟ್ಟ. ಕುಂಡವನ್ನು ಕೊಳದ ತಳಕ್ಕೆ ಇಟ್ಟ. ಮೇಲೆ ನೀರು ತುಂಬಿದ.

ಇಪ್ಪತ್ತು ದಿನ ಕಾದ. ನೀರು ಬರೀ ನೀರಾಗಿಯೇ ಇತ್ತು.

"ಅಜ್ಜಾರ, ಆಳ ಐತಿ. ನೀರು ಐತಿ. ಮತ್ತ್ಯಾಕ ಇದು ಮ್ಯಾಲ ಬರವಲ್ದು?"

"ಇಳಿದು ನೋಡು."

ಇಳಿದ. ಮುಳುಗಿ ಕೈಯಾಡಿಸಿದ. ಎದ್ದು ಬಾಯಲ್ಲಿನ ನೀರು ಉಗುಳಿದ.

"ಒಂದು ಎಲಿ ಐತ್ರಿ. ಸುರುಳಿ ಬಿಚ್ಚಿಲ್ಲ. ದಂಟು ನಾಕು ಬೆರಳು."

"ಅಲ್ಲಿಂದ ಬೆಳಕಿಗೆ ಎಷ್ಟು?"

"ಮೂರು ಗೇಣು ಆಗತೈತ್ರಿ."

ಅಡಿವೆಪ್ಪ ಅಂಚು ಹತ್ತಿ ಮೇಲೆ ಬಂದ.

"ನೀರು ತಗದು ಬಿಡ್ಲೇನ್ರಿ?"

"ಮತ್ತೊಮ್ಮೆ ಬತ್ತಸ್ತಿ?"

ಅಡಿವೆಪ್ಪ ಸಂಜೆತನಕ ಕೊಳದ ಅಂಚಿಗೆ ಕೂತ. ಆಮೇಲೆ ಎದ್ದು ಹೋಗಿ ಇಟ್ಟಿಗೆ ತಂದ. ನೀರೊಳಗೆ ಎರಡೆರಡರ ಸಾಲನ್ನು ಒಂದರ ಮೇಲೊಂದು ಜೋಡಿಸಿದ. ಏಳು ಸಾಲು ಆಯಿತು. ಅದರ ಮೇಲೆ ಕುಂಡ ಇಟ್ಟ. ಈಗ ಕುಂಡದ ಮೇಲೆ ಗೇಣಿಗಿಂತ ಕಡಿಮೆ ನೀರು.

ಎಂಟನೇ ದಿನ ಒಂದು ಎಲೆ ಮೇಲೆ ಬಂದು ಮಲಗಿತು. ಕಾಸಗಲ. ಹೋಗುತ್ತ ಬರುತ್ತ ಅಡಿವೆಪ್ಪ ಅದನ್ನೇ ನೋಡಿದ. ಎಲೆ ನಾಲ್ಕಾದವು. ಒಂದರ ಮೇಲೊಂದು ಏರಿದವು.

"ಒಂದು ಸಾಲು ತೆಗಿ," ಅಂದರು ಅಜ್ಜಾರು.

"ಯಾಕ್ರಿ? ಚಲೋ ಐತಲ್ರಿ. ತೆಗದ್ರ ಮುಳಗತಾವು."

"ಮುಳಗಲಿ."

ತೆಗೆದ. ಎಲೆಗಳೆಲ್ಲ ಮುಳುಗಿದವು. ಅಡಿವೆಪ್ಪ ಅಲ್ಲೇ ಕೂತ. ಊಟಕ್ಕೆ ಏಳಲಿಲ್ಲ. ನೀಲಪ್ಪ ರೊಟ್ಟಿ ಅಲ್ಲಿಗೇ ತಂದ.

"ನೀ ಉಪವಾಸ ಕುಂತ್ರ ಅದರ ದಂಟು ಉದ್ದ ಆಗತೈತೇನು? ತಿನ್ನಪಾ."

ಮೂರನೇ ದಿನ ಎಲೆಗಳು ಮೇಲಿದ್ದವು.

ಅಡಿವೆಪ್ಪ ಓಡಿ ಬಂದ. "ಅಜ್ಜಾರ, ಎಷ್ಟು ಬೆಳಿಬೇಕು ಅಂತ ದಂಟಿಗೆ ಯಾರು ಹೇಳಿದ್ರಿ?"

"ಅದನ್ನ ಕೇಳು."

ಹೋದ. ನಿಜವಾಗಿ ಬಗ್ಗಿ ಕೇಳಿದ. ತಿರುಗಿ ಬಂದ.

"ಏನಂತು?"

"ಏನೂ ಅನಲಿಲ್ರಿ. ಇನ್ನೊಂದು ಎಲಿ ಬಿಟ್ಟೈತಿ."

ಹೀಗೆ ನಡೆಯಿತು. ಒಂದು ಸಾಲಿಗೆ ಎಂಟು ದಿನ, ಇನ್ನೊಂದಕ್ಕೆ ತಿಂಗಳು. ಒಮ್ಮೆ ಅವಸರ ಮಾಡಿ ಎರಡು ಸಾಲು ತೆಗೆದ. ಎರಡು ಎಲೆ ನೀರೊಳಗೇ ಕೊಳೆತವು. ಒಂದು ಸಾಲನ್ನು ಅವನೇ ತಿರುಗಿ ಇಟ್ಟ.

ಆರು ಸಾಲು ಹೊರಗೆ ಬಂದ ಮೇಲೆ ಒಂದು ಮುಂಜಾನೆ ಹೂ ಅರಳಿತು. ಕೆಂಪು. ಅಡಿವೆಪ್ಪ ಅದರ ಮುಂದೆ ಕೂತ.

ಕೊನೆಯ ಸಾಲು ತೆಗೆಯಲು ಕುಂಡ ಎತ್ತಿದಾಗ ಕೈಗೆ ಏನೋ ತಾಗಿತು. ಗಡ್ಡೆಯ ಮಗ್ಗುಲಲ್ಲಿ ಒಂದು ಮರಿಗಡ್ಡೆ. ಅಡಿಕೆಯಷ್ಟು. ಮೆಲ್ಲಗೆ ಬಿಡಿಸಿದ. ಕುಂಡ ತಳಕ್ಕೆ ಕೂತಿತು.

ಮರಿಗಡ್ಡೆಯನ್ನು ಅಂಗೈಯ ನೀರಲ್ಲಿ ಹಿಡಿದು ಕೊಳದ ಅಂಚಿನಲ್ಲಿದ್ದ ಅಜ್ಜಾರ ಬಳಿ ಬಂದ.

"ಅಜ್ಜಾರ, ಇದನ್ನೂ ಇಲ್ಲೇ ಮಗ್ಗಲಕ್ಕ ಇಡತೀನ್ರಿ. ಇಷ್ಟು ಸಣ್ಣದಕ್ಕ ಎಷ್ಟು ಸಾಲು ಇಟ್ಟಿಗಿ ಬೇಕು?"

"ನಿಮ್ಮ ಮನಿ ಬಾನಿ ಎಷ್ಟು ಆಳ?"

ಅಡಿವೆಪ್ಪನ ಅಂಗೈಯ ನೀರು ಬೆರಳ ಸಂದಿಯಿಂದ ಸೋರಿತು. ಬಗ್ಗಿ ಕೊಳದಿಂದ ಮತ್ತೆ ತುಂಬಿಕೊಂಡ.

"ಕಾಶವ್ವನ ಮೊಣಕೈ ಮಟ್ಟ ರಿ."

ಆ ಹೆಸರನ್ನು ಮಠದಲ್ಲಿ ಯಾರೂ ಕೇಳಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿದ್ದ ನೀಲಪ್ಪ ಸೌಟು ಹಿಡಿದು ಹಾಗೇ ನಿಂತ.

"ಹಂಗಾದ್ರ ಇಟ್ಟಿಗಿ ಬ್ಯಾಡ," ಅಂದರು ಅಜ್ಜಾರು. "ಹೋಗಿ ನೀರು ಹಾಕು."