ಕೆರೆಯ ನಡುಮನೆ

ಐದನೇ ಕ್ಲಾಸಿನ ಲೆಕ್ಕದ ಪರೀಕ್ಷೆ ಇದ್ದ ಸೋಮವಾರ ಮೊದಲ ಸಲ ಊರು ಬಿಟ್ಟ ಜವರಾಯಿ ಆಮೇಲೆ ಎಲ್ಲೂ ನೆಲೆ ನಿಂತವನಲ್ಲ. ಗಾರೆ ಕೆಲಸಕ್ಕೆಂದು ಈ ನಗರಕ್ಕೆ ಬಂದು ತಗಡಿನ ಶೆಡ್ಡೊಂದರಲ್ಲಿದ್ದ. ಒಂದು ಬೆಳಿಗ್ಗೆ ಕಾರ್ಪೊರೇಟರ್ ಪುಟ್ಟಮಾದಯ್ಯ ಜೆಸಿಬಿ ಸಮೇತ ಬಂದು ನಿಂತರು.

“ಸರ್ಕಾರದ ನಕ್ಷೆಯಲ್ಲೇ ಇದೆ, ಇದು ಕೆರೆ ಅಂಗಳ ಕಣ್ರೋ! ಹನ್ನೆರಡು ಶೆಡ್ಡೂ ಈಗಲೇ ಖಾಲಿಯಾಗ್ಬೇಕು.”

ಹೆಂಗಸರು ಪಾತ್ರೆಗಳನ್ನು ಹೊರಗಿಡತೊಡಗಿದರು. ಜವರಾಯಿ ಮೊಬೈಲ್ ತೆಗೆದು, ಯಾರು ಬೇಕಾದರೂ ನೋಡಬಹುದಾದ ಅದೇ ನಕ್ಷೆಯನ್ನು ಬೆರಳಲ್ಲಿ ಹಿಗ್ಗಿಸಿದ.

“ನಿಜ ಬುದ್ಧೀ, ನಾವು ಕೆರೆಯ ಅಂಗಳದಲ್ಲಿದ್ದೀವಿ. ತಮ್ಮ ಮೂರಂತಸ್ತಿನ ಬಂಗಲೆ ಕೆರೆಯ ನಡುಮನೇಲೇ ಕೂತದೆ, ನೋಡಿ.”

ಜೆಸಿಬಿ ಡ್ರೈವರ್ ಕಿಸಕ್ಕನೆ ನಕ್ಕ. ಪುಟ್ಟಮಾದಯ್ಯನವರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು.

“ಆ ನಕ್ಷೆ ಶುದ್ಧ ಸುಳ್ಳು ಕಣೋ!”

“ಹಂಗಾದ್ರೆ ನಮ್ಮ ಅಂಗಳಾನೂ ಸುಳ್ಳೇ. ನಿಜ ಅನ್ನೋದಾದ್ರೆ ನಡುಮನೆಯಿಂದ ಶುರು ಮಾಡ್ಸಿ. ಕಸ ಗುಡಿಸೋದು ಒಳಗಿಂದ ಹೊರಕ್ಕೆ ತಾನೆ?”

ಜೆಸಿಬಿ ಬಂದ ದಾರಿಯಲ್ಲೇ ಹಿಂದಿರುಗಿತು. ಪಾತ್ರೆಗಳು ಒಳಗೆ ಹೋದವು. ಜವರಾಯಿ ಮಾತ್ರ ಚಾಪೆ ಸುತ್ತತೊಡಗಿದ.

“ಗೆದ್ದ ಮೇಲೂ ಹೊಂಟ್ಯಾ ತಮ್ಮಾ?” ಎಂದಳು ಪಕ್ಕದ ಶೆಡ್ಡಿನ ಕೆಂಪಾಜಮ್ಮ.

“ಆ ಯಪ್ಪ ಇವತ್ತಿಂದ ನಾನೆಲ್ಲಿದ್ದೀನಿ ಅಂತ ಇಡೀ ನಕ್ಷೆ ಜಾಲಾಡ್ತಾನೆ ಕಣಕ್ಕಾ. ಹುಡುಕ್ಲಿ ಬಿಡು. ಕೂತಲ್ಲೇ ಕೂತಿರೋಕೆ ನಾನೇನು ಬಂಗಲೇನಾ?”